330 ಕೆ.ಜಿ. ಬೈಕು, ಹನುಮಂತನಗರದ ಏರು

ಬೈಕು ಮನೆಗೆ ಬಂದ ದಿನ ನಮ್ಮ ಗೇಟಿನ ಮುಂದೆ ಇಪ್ಪತ್ತು ನಿಮಿಷ ಸುಮ್ನೆ ನಿಂತಿದ್ದೆ. ಒಳಗೆ ತರೋದು ಹೇಗೆ ಅಂತ ಹೊಳೆಯಲಿಲ್ಲ.

ನಮ್ಮದು ಹನುಮಂತನಗರ. ಈ ಕಡೆ ಓಡಾಡಿದವರಿಗೆ ಗೊತ್ತಿರುತ್ತದೆ, ಇಲ್ಲಿ ಒಂದೋ ಏರು, ಇಲ್ಲ ಇಳಿಜಾರು. ಮಟ್ಟವಾದ ಜಾಗ ಸಿಗೋದೇ ಕಡಿಮೆ. ನಮ್ಮ ಅಡ್ಡರಸ್ತೆಯೂ ಹಾಗೇ, ಎಡದಿಂದ ಬಲಕ್ಕೆ ಇಳಿಯುತ್ತದೆ. ಗೇಟಿಗೆ ಬರಬೇಕಾದರೆ ಚರಂಡಿ ಮೇಲಿನ ಚಪ್ಪಡಿ ದಾಟಬೇಕು. ಆಮೇಲೆ ಒಂದು ಪುಟ್ಟ ರ‍್ಯಾಂಪ್. ಅದರ ಮೇಲೆ ಹದಿನೈದು ವರ್ಷ ಸ್ಕೂಟರ್ ಹತ್ತಿಸಿದ್ದೇನೆ. ಒಂದು ದಿನವೂ ಅದು ಏರು ಅಂತ ಅನಿಸಿರಲಿಲ್ಲ. ಅವತ್ತು ಅನಿಸಿತು.

ಬೈಕು ಹಾರ್ಲೆ-ಡೇವಿಡ್‌ಸನ್ ಹೆರಿಟೇಜ್ ಕ್ಲಾಸಿಕ್, 2018ರ ಮಾಡೆಲ್. ಎಂಜಿನ್ 1,745 ಸಿಸಿ. ಪೆಟ್ರೋಲು, ಆಯಿಲು ಎಲ್ಲ ಸೇರಿ ತೂಕ 330 ಕೆ.ಜಿ. ಬುಲೆಟ್ 350 ಸುಮಾರು 195 ಕೆ.ಜಿ. ಇರುತ್ತದೆ. ಅಂದರೆ ಇಬ್ಬರು ಕೂತ ಬುಲೆಟ್ ಎಷ್ಟು ಭಾರವೋ, ಇದು ಯಾರೂ ಕೂರದೆ ಅಷ್ಟು ಭಾರ.

ಕೊಳ್ಳುವ ಮುಂಚೆ ನಾನು ಓದಿದ್ದು, ಕೇಳಿದ್ದು ಎಲ್ಲವೂ ಓಟದ ಬಗ್ಗೆ. ನಿಲ್ಲಿಸೋದರ ಬಗ್ಗೆ, ತಿರುಗಿಸೋದರ ಬಗ್ಗೆ, ಹಿಂದಕ್ಕೆ ತಳ್ಳೋದರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಬೆಂಗಳೂರಲ್ಲಿ ಇಂಥ ಬೈಕಿನ ಜೊತೆ ಬದುಕೋದು ಅಂದರೆ ಮುಕ್ಕಾಲು ಪಾಲು ಗಂಟೆಗೆ 10 ಕಿಲೋಮೀಟರಿನ ಒಳಗಿನ ವ್ಯವಹಾರ. ಅದಕ್ಕೇ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತಿದ್ದೇನೆ.

ಆಸೆ ಹುಟ್ಟಿದ್ದು ಅದರ ರೂಪ ನೋಡಿ. ಹಳೇ ಹೆರಿಟೇಜ್‌ಗಳಲ್ಲಿ ಎಲ್ಲಿ ನೋಡಿದರೂ ಕ್ರೋಮ್ ಫಳಫಳ. 2018ರ ಮಾಡೆಲ್ಲಿಗೆ ಬಂದಾಗ ಅದನ್ನು ಕಪ್ಪಾಗಿಸಿದರು. ಹೆಡ್‌ಲೈಟಿನ ಗೂಡು ಕಪ್ಪು, ಫೋರ್ಕಿನ ಕವರ್ ಕಪ್ಪು, ಕಡ್ಡಿ ಚಕ್ರದ ರಿಮ್ ಕಪ್ಪು, ಎಂಜಿನ್ನೂ ಕಪ್ಪು. ಆಕಾರ ಮಾತ್ರ ಹಳೆಯದೇ. 1949ರಲ್ಲಿ ಬಂದ ಹೈಡ್ರಾ-ಗ್ಲೈಡ್ ಕಾಲದ ದಪ್ಪ ಫೋರ್ಕು, ಅಗಲವಾದ ಮಡ್‌ಗಾರ್ಡು, ಮುಂದೆ ವಿಂಡ್‌ಶೀಲ್ಡು, ಹಿಂದೆ ಎರಡು ಕಡೆ ಬೀಗ ಹಾಕುವ ಪೆಟ್ಟಿಗೆ. ನನಗೆ ಅದನ್ನು ನೋಡಿದಾಗಲೆಲ್ಲ ನಮ್ಮ ಬಸವನಗುಡಿಯ ದೊಡ್ಡ ಬಸವ ನೆನಪಾಗುತ್ತಾನೆ. ಎಣ್ಣೆ ಸವರಿದ ಕಪ್ಪು, ದುಂಡು ಮೈ, ಕೂತಲ್ಲೇ ಒಂದು ಗತ್ತು.

ಅಪ್ಪನಿಗೆ ಈಗ 74. ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುವ ಆ ಗಾಡಿ, ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸೋ ಟು-ಸ್ಟ್ರೋಕ್. ನನ್ನ ಬೈಕನ್ನು ಮೊದಲ ಸಲ ನೋಡಿದಾಗ ಅವರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಇಣುಕಿದರು.

"ಏನೋ ಇದು, ಹಿಂದೆ ಶಾಕ್ ಅಬ್ಸಾರ್ಬರ್ರೇ ಇಲ್ವಲ್ಲ?"

ಸೀಟಿನ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದೆ. ಹಾರ್ಲೆಯ ಈ ಸಾಲಿನ ಬೈಕುಗಳಿಗೆ ಸಾಫ್ಟೇಲ್ ಅಂತ ಹೆಸರು, ಆ ಹೆಸರಿನ ಗುಟ್ಟೇ ಅದು. ಹಳೇ ಕಾಲದ, ಹಿಂದೆ ಸ್ಪ್ರಿಂಗೇ ಇಲ್ಲದ ಫ್ರೇಮಿನ ಹಾಗೆ ಕಾಣಬೇಕು, ಆದರೆ ಬೆನ್ನು ಮುರಿಯಬಾರದು. ಅದಕ್ಕೆ ಶಾಕ್ ಅಬ್ಸಾರ್ಬರನ್ನು ಒಳಗೆ ಬಚ್ಚಿಟ್ಟಿದ್ದಾರೆ. 1984ರಿಂದ ಹೀಗೇ ಮಾಡಿಕೊಂಡು ಬಂದಿದ್ದಾರೆ. ಅಪ್ಪ ಅದನ್ನು ಎರಡು ಸಲ ನೋಡಿದರು. "ಒಳ್ಳೆ ಕೆಲಸ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಹೊಸದು ಕೊಳ್ಳೋ ಶಕ್ತಿ ನನಗೆ ಇರಲಿಲ್ಲ. 1 ಲಕ್ಷ ರೂಪಾಯಿ ದಾಟಿದ ಬೈಕಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯೇ ಶೇ. 18. ಲಕ್ಷಗಟ್ಟಲೆ ಬೆಲೆಯ ಮೇಲೆ ಅದೂ ಸೇರಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ಸೆಕೆಂಡ್ ಹ್ಯಾಂಡೇ ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಒಂದು ಅಳುಕು ಇತ್ತು. 2020ರ ಸೆಪ್ಟೆಂಬರ್‌ನಲ್ಲಿ ಹಾರ್ಲೆ ಕಂಪನಿ ಹರಿಯಾಣದ ಬಾವಲ್ ಕಾರ್ಖಾನೆ ನಿಲ್ಲಿಸೋದಾಗಿ ಹೇಳಿದ ಸುದ್ದಿ ನನ್ನ ಹೆಂಡತಿಗೆ ನೆನಪಿತ್ತು. "ಪಾರ್ಟ್ಸ್ ಎಲ್ಲಿಂದ ತರ್ತೀರಿ?" ಅಂದಳು. ಅದಾದ ಮುಂದಿನ ತಿಂಗಳೇ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದವಾಗಿ, ಮಾರಾಟ, ಸರ್ವೀಸು, ಬಿಡಿಭಾಗ ಎಲ್ಲ ಅವರ ಕೈಗೆ ಬಂತು ಅಂತ ತೋರಿಸಿದ ಮೇಲೆ ಒಪ್ಪಿದಳು.

ನಾಲ್ಕು ಬೈಕು ನೋಡಿದೆ. ಮೊದಲನೆಯದು ಹಳೇ ಬೈಕು ಮಾರುವ ಒಂದು ಅಂಗಡಿಯಲ್ಲಿ. "ಸಿಂಗಲ್ ಓನರ್ ಸರ್, ಶೋರೂಮ್ ಕಂಡೀಷನ್" ಅಂದರು. ನಾನು ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ನಾನು ಬರೋಕೆ ಮುಂಚೆಯೇ ಓಡಿಸಿ ಇಟ್ಟಿದ್ದರು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಹತ್ತು ಸೆಕೆಂಡ್ ಎಲ್ಲ ನಿಜ ಹೇಳಿಬಿಡುತ್ತದೆ. ಬ್ಯಾಟರಿ ಸೋತಿದೆಯಾ, ಹೊಗೆ ಬರುತ್ತಾ, ಒಳಗೆ ಏನಾದರೂ ಬಡಿಯುತ್ತಾ, ಎಲ್ಲ. ಆ ಹತ್ತು ಸೆಕೆಂಡನ್ನು ಯಾರಾದರೂ ನಿಮ್ಮಿಂದ ಮುಚ್ಚಿಟ್ಟರೆ ಅಲ್ಲಿಂದ ಎದ್ದು ಬನ್ನಿ. ಜೊತೆಗೆ ಆ ಬೈಕು ಹೊರರಾಜ್ಯದ ನಂಬರಿನದು. ಎನ್‌ಒಸಿ ತರಿಸಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಎಂಜಿನ್ ಗಾರ್ಡಿನ ಕೆಳಭಾಗ ಮುಟ್ಟಿ ನೋಡಿದೆ. ಉಜ್ಜಿಹೋದ ಜಾಗದ ಮೇಲೆ ಬಣ್ಣ ಬಳಿದಿದ್ದು ಬೆರಳಿಗೆ ಸಿಕ್ಕಿತು.

ನಾಲ್ಕನೆಯದು ಯಲಹಂಕದಲ್ಲಿ. ಕೆಎ 50 ನಂಬರು, 11,000 ಕಿ.ಮೀ. ಓಡಿತ್ತು. ಮಾಲೀಕರು ಅರವತ್ತು ದಾಟಿದವರು, ಬೆನ್ನು ನೋವು ಶುರುವಾಗಿ ಕೊಡುತ್ತಿದ್ದರು. ಎಂಜಿನ್ ಕಲ್ಲಿನ ಹಾಗೆ ತಣ್ಣಗಿತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇಲ್ಲಿ ಕೊನೆಯ ಎರಡು 18. ಅಂದರೆ ಬೈಕಿನ ಜೊತೆ ಬಂದ ಟೈರೇ. ಮೇಲಿನ ಅಚ್ಚು ಸವೆದಿರಲಿಲ್ಲ, ಆದರೆ ರಬ್ಬರ್ ಒಣಗಿ ಗಟ್ಟಿಯಾಗಿತ್ತು. ಎರಡು ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಲು ಕೇಳಿದೆ, ಒಪ್ಪಿದರು. ಇದಕ್ಕೆ ಚೈನ್ ಇಲ್ಲ, ಬೆಲ್ಟು. ಅದರ ಹಲ್ಲುಗಳ ನಡುವೆ ಕಲ್ಲು ಸಿಕ್ಕಿ ತೂತಾಗಿದೆಯಾ ಅಂತ ಚಕ್ರ ತಿರುಗಿಸಿ ತಿರುಗಿಸಿ ನೋಡಿದೆ. ಕೀಲಿ ಇಲ್ಲದೆ, ಜೇಬಲ್ಲಿ ಫಾಬ್ ಅನ್ನೋ ಪುಟ್ಟ ರಿಮೋಟ್ ಇದ್ದರೆ ಸ್ಟಾರ್ಟ್ ಆಗುವ ಬೈಕು ಇದು. ಎರಡೂ ಫಾಬ್ ಇದ್ದವು.

"ಎಲ್ಲಾದ್ರೂ ಬಿದ್ದಿದೆಯಾ ಸಾರ್?" ಅಂತ ಕೇಳಿದೆ.

"ಒಂದ್ಸಲ ಬಿದ್ದಿದೆ. ಎಡಗಡೆಗೆ. ಇಲ್ಲೇ, ನಮ್ಮ ಗೇಟ್ ಮುಂದೇನೇ, ನಿಂತಲ್ಲೇ" ಅಂದರು. ಗೀರು ಎಲ್ಲಿದೆ ಅಂತ ಅವರೇ ಬಗ್ಗಿ ತೋರಿಸಿದರು.

ಆ ಒಂದು ಮಾತಿಗೆ ನಾನು ಬೈಕು ತೊಗೊಂಡೆ.

ಕಾಗದ ಪತ್ರದ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಹೆಸರು ಬದಲಾಯಿಸೋಕೆ ಮಾರುವವರು ಫಾರಂ 29, ಇಬ್ಬರೂ ಸೇರಿ ಫಾರಂ 30. ಅವರ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಅದನ್ನು ತೆಗೆಸೋಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35. ದುಡ್ಡು ಕೊಡುವ ಮುಂಚೆಯೇ ಇದನ್ನು ನೋಡಿಕೊಳ್ಳಿ. 2019ರ ಏಪ್ರಿಲ್ 1ಕ್ಕಿಂತ ಹಿಂದೆ ನೋಂದಣಿಯಾದ ಗಾಡಿ ಆದ್ದರಿಂದ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ಅಂತಲೂ ನೋಡಬೇಕು, ಅವರು ಹಾಕಿಸಿದ್ದರು. ಇನ್ಶೂರೆನ್ಸ್ ಮಾತ್ರ ಒಂದು ವಾದಕ್ಕೆ ಕಾರಣವಾಯಿತು. ಒಬ್ಬ ಏಜೆಂಟರು "ರಿನ್ಯೂವಲ್ ಟೈಮಲ್ಲಿ ಹೆಸರು ಬದಲಾಯಿಸಿದ್ರೆ ಆಯ್ತು ಸರ್" ಅಂದರು. ಹಾಗಲ್ಲ. 14 ದಿನದ ಒಳಗೆ ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ನಮ್ಮ ಬೈಕಿಗೆ ಆದ ನಷ್ಟ ಕೇಳಲು ಹೋದಾಗ ತಕರಾರು ಬರುತ್ತದೆ. ನಾನು ಪಟ್ಟು ಹಿಡಿದು ಆ ವಾರವೇ ಮಾಡಿಸಿದೆ. ಥರ್ಡ್ ಪಾರ್ಟಿ ಪ್ರೀಮಿಯಂ 350 ಸಿಸಿ ದಾಟಿದ ಎಲ್ಲ ಬೈಕಿಗೂ ಒಂದೇ, ನಾನು ಕಟ್ಟಿದ್ದು 2,804 ರೂಪಾಯಿ ಮತ್ತು ಜಿಎಸ್‌ಟಿ.

ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಯಲಹಂಕದಿಂದ ಹೊರಟೆ. ಮೇಖ್ರಿ ಸರ್ಕಲ್ ದಾಟುವಷ್ಟರಲ್ಲಿ ಭಯ ಹೋಗಿತ್ತು. ಸೀಟು ನೆಲದಿಂದ ಎರಡೂಕಾಲು ಅಡಿ ಎತ್ತರ ಅಷ್ಟೇ, ಭಾರವೆಲ್ಲ ಕೆಳಗೆ. ಚಕ್ರ ಉರುಳಲು ಶುರುವಾದರೆ ಆ 330 ಕೆ.ಜಿ. ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಚಾಮರಾಜಪೇಟೆ ಹೊತ್ತಿಗೆ ಹಾಡು ಗುನುಗುತ್ತಿದ್ದೆ. ಆಮೇಲೆ ರಾಮಕೃಷ್ಣ ಆಶ್ರಮ, ಆಮೇಲೆ ನಮ್ಮ ಅಡ್ಡರಸ್ತೆ, ಆಮೇಲೆ ಗೇಟು. ಹೋದ ಭಾರವೆಲ್ಲ ಒಂದೇ ಸಲ ವಾಪಸ್ ಬಂತು.

ಅವತ್ತು ಪಕ್ಕದ ಮನೆಯವರು, ಅಪ್ಪ, ಹಾಲು ಹಾಕಲು ಬಂದ ಹುಡುಗ ಮೂವರೂ ಸೇರಿ ಹಿಂದಿನಿಂದ ತಳ್ಳಿ ಒಳಗೆ ಹಾಕಿದರು. ಒಳಗೆ ಸೈಡ್ ಸ್ಟ್ಯಾಂಡ್ ಹಾಕಿದಾಗ ಕಾರ್ ಶೆಡ್ಡಿನ ಒಂದು ಟೈಲ್ ಟಪ್ ಅಂತ ಬಿರುಕು ಬಿಟ್ಟಿತು. ಅಪ್ಪ ಹಿತ್ತಲಿಂದ ಕಡಪ ಕಲ್ಲಿನ ತುಂಡು ತಂದು ಸ್ಟ್ಯಾಂಡಿನ ಕೆಳಗೆ ಇಟ್ಟರು. "ಮೊದ್ಲು ಇದನ್ನ ಹಿಡಿಯೋದು ಕಲಿ. ಆಮೇಲೆ ಓಡಿಸು" ಅಂದರು. ಯಲಹಂಕದವರು ಬೀಳ್ಕೊಡುವಾಗ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು.

ಕಲಿತಿದ್ದು ಅಂಜನಾಪುರದ ಕಡೆ. ಅಲ್ಲಿ ಇನ್ನೂ ಮನೆ ಏಳದ, ಡಾಂಬರು ಮಾತ್ರ ಹಾಕಿರುವ ಕೆಲವು ರಸ್ತೆಗಳಿವೆ. ನನಗಿಂತ ಹತ್ತು ವರ್ಷ ಚಿಕ್ಕವನಾದ ಗೆಳೆಯನೊಬ್ಬ ಇಂಥದ್ದೇ ಬೈಕು ಓಡಿಸುತ್ತಾನೆ. ನಾಲ್ಕು ಭಾನುವಾರ ನನಗಾಗಿ ನಿದ್ದೆ ಬಿಟ್ಟು ಬಂದ. ರಸ್ತೆ ಬದಿಯ ಎಳನೀರು ಅಂಗಡಿಯವರನ್ನು ಕೇಳಿ ಖಾಲಿ ಬುರುಡೆ ತಂದು ಸಾಲಾಗಿ ಇಟ್ಟ. ಅವುಗಳ ಸುತ್ತ ಹಾವಿನ ಹಾಗೆ ಸುತ್ತಬೇಕು, ಕಾಲು ಕೆಳಗೆ ಇಡಬಾರದು.

ಮೊದಲ ದಿನ ಎರಡನೇ ಬುರುಡೆಗೇ ಕಾಲಿಟ್ಟೆ. ನಿಧಾನವಾದರೆ ಬೀಳುತ್ತೇನೆ ಅನ್ನೋ ಹೆದರಿಕೆ. ಆಗ ಅವನು ಹೇಳಿಕೊಟ್ಟ ಮೂರು ವಿಷಯ ಇವತ್ತಿಗೂ ನನ್ನ ಕೈಕಾಲು ಕಾಯುತ್ತಿವೆ.

ಒಂದು, ಅರ್ಧ ಕ್ಲಚ್. ಪೂರ್ತಿ ಹಿಡಿದಿರಬಾರದು, ಪೂರ್ತಿ ಬಿಟ್ಟಿರಲೂಬಾರದು. ಎರಡರ ನಡುವೆ ಒಂದು ಬೆರಳಿನಷ್ಟು ಜಾಗವಿದೆ. ಅಲ್ಲಿ ಎಂಜಿನ್ ಚಕ್ರವನ್ನು ಮೆಲ್ಲಗೆ ಎಳೆಯುತ್ತಿರುತ್ತದೆ. ಅದೇ ಹೊತ್ತಿಗೆ ಬಲಗಾಲಲ್ಲಿ ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿರಬೇಕು. ಎಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದು ನಿಲ್ಲಿಸುತ್ತದೆ, ಆ ಎಳೆದಾಟದಲ್ಲಿ ಬೈಕು ನೆಟ್ಟಗೆ ನಿಲ್ಲುತ್ತದೆ. ಗಾಳಿಪಟದ ದಾರ ಇದ್ದ ಹಾಗೆ. ಬಿಗಿ ಇದ್ದರೆ ಮೇಲೆ, ಸಡಿಲ ಬಿಟ್ಟರೆ ನೆಲ. ಈ ಎಂಜಿನ್ನಿನ ಎರಡು ಸಿಲಿಂಡರ್ 45 ಡಿಗ್ರಿ ಕೋನದಲ್ಲಿ ನಿಂತು ಒಂದೇ ಕ್ರ್ಯಾಂಕ್‌ಪಿನ್ (ಪಿಸ್ಟನ್ನಿನ ಕಡ್ಡಿ ಬಂದು ಸೇರುವ ಗೂಟ) ಹಂಚಿಕೊಂಡಿವೆ. ಅದಕ್ಕೇ ಅದರ ಬಡಿತ ಸಮನಾಗಿರುವುದಿಲ್ಲ. ಒಂದು ಬಡಿತ, ಕೂಡಲೇ ಇನ್ನೊಂದು, ಆಮೇಲೆ ಸ್ವಲ್ಪ ತಡ. ಆ ಲಯ ಎಡಗೈ ಬೆರಳಿಗೆ ಗೊತ್ತಾಗಲು ಶುರುವಾದ ದಿನ ಕ್ಲಚ್ಚಿನ ಜಾಗ ತಾನಾಗಿಯೇ ಸಿಕ್ಕಿತು.

ಎರಡು, ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು. ಮೂರು, ಕಣ್ಣು. ಬುರುಡೆ ನೋಡಿದರೆ ಬುರುಡೆ ಮೇಲೇ ಹೋಗುತ್ತೀರಿ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಗದ್ದ ತಿರುಗಿಸಬೇಕು.

ಎರಡನೆಯದನ್ನು ಮೂರನೇ ಭಾನುವಾರ ಮರೆತೆ. ಎಡಕ್ಕೆ ಪೂರ್ತಿ ತಿರುಗಿಸಿ ಯೂ-ಟರ್ನ್ ಮಾಡುತ್ತಿದ್ದೆ. ಪಕ್ಕದ ಸೈಟಿನಿಂದ ಒಂದು ನಾಯಿಮರಿ ಅಡ್ಡ ಓಡಿ ಬಂತು. ಕೈ ತಾನಾಗಿ ಮುಂದಿನ ಬ್ರೇಕ್ ಹಿಂಡಿತು. ಬೈಕು ನಿಂತಿತು. ಒಂದು ಕ್ಷಣ ಹಾಗೇ ನಿಂತು, ಎಡಕ್ಕೆ ವಾಲಲು ಶುರುಮಾಡಿತು. ಎಷ್ಟು ನಿಧಾನವಾಗಿ ಅಂದರೆ ತಡೆದುಬಿಡಬಹುದು ಅನಿಸುತ್ತದೆ. ತಡೆಯಲು ಕಾಲು ಗಟ್ಟಿ ಮಾಡಿದೆ.

"ಬಿಡಣ್ಣಾ! ಬಿಟ್ಬಿಡು!" ಅಂತ ಗೆಳೆಯ ಕೂಗಿದ.

ಬಿಟ್ಟೆ. ಪಕ್ಕಕ್ಕೆ ಹೆಜ್ಜೆ ಇಟ್ಟು ಸರಿದೆ. ಅವನು ಕೂಗದಿದ್ದರೆ ನನ್ನ ಮೊಣಕಾಲು ಏನಾಗುತ್ತಿತ್ತೋ. ಒಂದು ಮಿತಿ ದಾಟಿ ವಾಲಿದ ಮೇಲೆ ಇದನ್ನು ಯಾರೂ ತಡೆಯಲಾಗದು, ಪೈಲ್ವಾನನೂ ಕೂಡ. ಎಂಜಿನ್ ಗಾರ್ಡೂ ಹಿಂದಿನ ಪೆಟ್ಟಿಗೆಯ ಗಾರ್ಡೂ ನೆಲಕ್ಕೆ ತಾಗಿ ಬೈಕು ಪೂರ್ತಿ ಮಲಗದೆ ಓರೆಯಾಗಿ ನಿಂತಿತು. ವಾಲಿದ್ದನ್ನು ಗುರುತಿಸುವ ಸೆನ್ಸರ್ ಇದೆ, ಎಂಜಿನ್ ತಾನೇ ಆಫ್ ಆಯಿತು. ಮೀಟರಿನ ಪುಟ್ಟ ಪರದೆಯಲ್ಲಿ 'ಟಿಪ್' ಅಂತ ಬಂತು. ನಾಯಿಮರಿ ಮರಳಿನ ರಾಶಿ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು.

ಎತ್ತೋದೂ ಒಂದು ಪಾಠವೇ. ತೋಳಿಂದ ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಮೊದಲು ಸ್ವಿಚ್ ಆಫ್. ಗೇರಿನಲ್ಲಿ ಇರಲಿ, ಉರುಳಬಾರದು. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಬೇಕು. ಬೈಕಿಗೆ ಬೆನ್ನು ಹಾಕಿ, ಸೀಟಿನ ಅಂಚಿಗೆ ಕುಂಡಿ ಒತ್ತಿ, ಕೆಳಗೆ ಕೂರಬೇಕು. ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದು ಕೈಯಲ್ಲಿ ಹಿಂದಿನ ಗಾರ್ಡು. ಆಮೇಲೆ ಗೋಡೆಗೆ ಒರಗಿ ಎದ್ದ ಹಾಗೆ, ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕಿಡುತ್ತಾ ಏಳಬೇಕು. ಬಲಗಡೆಗೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಬಹುದು. ಎಡಕ್ಕೆ ಬಿದ್ದರೆ ಆ ಅನುಕೂಲ ಇಲ್ಲ, ಎತ್ತಿದ ಮೇಲೆ ಆ ಕಡೆ ಬೀಳದ ಹಾಗೆ ನೋಡಿಕೊಳ್ಳಬೇಕು. ಗೆಳೆಯ ಆ ಕಡೆ ನಿಂತಿದ್ದ, ಆದರೆ ಕೈ ಹಾಕಲಿಲ್ಲ. "ನೀನೇ ಎತ್ತು ಅಣ್ಣಾ. ನಾನು ದಿನಾ ಇರಲ್ಲ" ಅಂದ. ಎದ್ದಿತು. ತೊಡೆ ನಡುಗುತ್ತಿತ್ತು, ಆದರೆ ಎದ್ದಿತು. ಅವತ್ತು ಆ ಧೈರ್ಯ ಬರದಿದ್ದರೆ ನಾನು ಈ ಬೈಕು ಮಾರಿಬಿಡುತ್ತಿದ್ದೆ.

ಇಷ್ಟು ಕಲಿತ ಮೇಲೂ ಗಾಂಧಿ ಬಜಾರಿನಲ್ಲಿ ಒಂದು ಸಲ ಸಿಕ್ಕಿಹಾಕಿಕೊಂಡೆ. ಅಂಗಡಿ ಮುಂದೆ ಇಳಿಜಾರಿನ ಜಾಗ ಖಾಲಿ ಇತ್ತು. ಸ್ಕೂಟರ್ ನಿಲ್ಲಿಸೋ ಅಭ್ಯಾಸ ನೋಡಿ, ಮೂತಿ ಕೆಳಕ್ಕೆ ಮಾಡಿ ಕಲ್ಲಂಚಿನ ತನಕ ಒಳಗೆ ಹಾಕಿದೆ. ವಾಪಸ್ ಬಂದಾಗ ಎರಡು ಕಡೆ ಸ್ಕೂಟರ್‌ಗಳು. ಈ ಬೈಕಿಗೆ ರಿವರ್ಸ್ ಗೇರ್ ಇಲ್ಲ. ಕಾಲು ಊರಿ ಹಿಂದಕ್ಕೆ ತಳ್ಳಿದರೆ ಚಪ್ಪಲಿ ಜಾರುತ್ತದೆ, ಬೈಕು ಅಲುಗುವುದಿಲ್ಲ. ಹೂವಿನ ಅಂಗಡಿಯ ಯಜಮಾನರು ಹತ್ತು ನಿಮಿಷ ನೋಡಿ, ಇಬ್ಬರನ್ನು ಕರೆದುಕೊಂಡು ಬಂದರು. ಹಿಂದಿನಿಂದ ಹಿಡಿದು ಒಂದೇ ಸಲ ಎಳೆದರು. "ಇದು ಗಾಡಿ ಅಲ್ಲಪ್ಪಾ, ಲಾರಿ. ಲಾರಿ ನಿಲ್ಸೋ ತರ ಯೋಚ್ನೆ ಮಾಡಿ ನಿಲ್ಸಬೇಕು" ಅಂದರು.

ಅಕ್ಷರಶಃ ಹಾಗೇ ಮಾಡುತ್ತಿದ್ದೇನೆ. ಮೂತಿ ಯಾವಾಗಲೂ ಏರಿನ ಕಡೆ. ಹಾಗಿದ್ದರೆ ಹೊರಡುವಾಗ ಇಳಿಜಾರೇ ಹಿಂದಕ್ಕೆ ತರುತ್ತದೆ. ಎಲ್ಲಿಗೆ ಹೋದರೂ ಹತ್ತು ಅಡಿ ಮುಂಚೆಯೇ ನಿಂತು, ನೆಲ ಯಾವ ಕಡೆ ವಾಲಿದೆ, ಜಲ್ಲಿ ಇದೆಯಾ, ಹೊರಬರಲು ದಾರಿ ಎಲ್ಲಿ ಅಂತ ನೋಡುತ್ತೇನೆ. ಸ್ಟ್ಯಾಂಡನ್ನು ಪೂರ್ತಿ ಮುಂದಕ್ಕೆ ಒದ್ದು, ಬೈಕಿನ ಭಾರ ಅದರ ಮೇಲೆ ಕೂತು ಲಾಕ್ ಆದ ಮೇಲೇ ಇಳಿಯುತ್ತೇನೆ.

ಹಂಪ್‌ಗಳದ್ದು ಇನ್ನೊಂದು ಕಥೆ. ಇದರ ಹೊಟ್ಟೆಗೂ ನೆಲಕ್ಕೂ ನಡುವೆ 120 ಮಿಲಿಮೀಟರ್. ನಮ್ಮ ಬಡಾವಣೆಗಳಲ್ಲಿ ಜನ ತಾವೇ ಹಾಕಿಸಿಕೊಂಡ ಹಂಪ್‌ಗಳಿಗೆ ಅದು ಸಾಲದು. ನೇರ ಹೋದರೆ ಕರ್ರ್ ಅನ್ನುತ್ತದೆ, ಓರೆಯಾಗಿ ನಿಧಾನಕ್ಕೆ ಹತ್ತಿಸಿ ಇಳಿಸಬೇಕು. ಸಿಗ್ನಲ್ಲಿನಲ್ಲಿ ಹಿಂದಿನ ಸಿಲಿಂಡರಿನ ಶಾಖ ಬಲತೊಡೆಗೆ ಹತ್ತುತ್ತದೆ. ಗಾಳಿಯೂ ಆಯಿಲೂ ತಂಪು ಮಾಡುವ ಎಂಜಿನ್, ಓಡುತ್ತಿದ್ದರೆ ತಾನೇ ಗಾಳಿ? ಅದಕ್ಕೇ ಇದನ್ನು ಆಫೀಸಿಗೆ ಒಯ್ಯುವುದಿಲ್ಲ. ಊರೊಳಗೆ ಹೋಗೋದಾದರೆ ವಿಂಡ್‌ಶೀಲ್ಡ್ ಬಿಚ್ಚಿಡುತ್ತೇನೆ. ಸ್ಪ್ಯಾನರ್ ಬೇಡ, ಕೈಯಲ್ಲೇ ಬರುತ್ತದೆ.

ಸ್ಪ್ಯಾನರ್ ಅಂದಾಗ ನೆನಪಾಯಿತು. ಅಪ್ಪನ ಯೆಜ್ಡಿ ಕಾಲದ ಟೂಲ್ ಬಾಕ್ಸಿನಲ್ಲಿದ್ದ ಒಂದೂ ಇದಕ್ಕೆ ಕೂರಲಿಲ್ಲ. ಇದರ ಬೋಲ್ಟುಗಳು ಇಂಚಿನ ಅಳತೆ, ಕೆಲವಕ್ಕೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಬೇಕು. ಎಸ್.ಪಿ. ರಸ್ತೆಯಲ್ಲಿ ಒಂದು ಸೆಟ್ ಹುಡುಕಿ ತಂದೆವು. ಆಯಿಲ್ ಕೂಡ ಮೂರು ಕಡೆ ಬೇರೆ ಬೇರೆ ಹಾಕಬೇಕು. ಎಂಜಿನ್ನಿಗೆ ಒಂದು, ಕ್ಲಚ್ ಇರುವ ಪ್ರೈಮರಿಗೆ ಒಂದು, ಗೇರ್ ಬಾಕ್ಸಿಗೆ ಇನ್ನೊಂದು. ಎಂಜಿನ್ನಿಗೇ 20ಡಬ್ಲ್ಯು-50 ದರ್ಜೆಯ ಆಯಿಲ್ ಸುಮಾರು 4.7 ಲೀಟರ್ ಹಿಡಿಯುತ್ತದೆ. "ಕಾರಿಗೂ ಇಷ್ಟು ಬೇಡ" ಅಂತ ಅಪ್ಪ ಡಬ್ಬ ಎತ್ತಿ ತೂಕ ನೋಡಿದರು.

ಮೊದಲ ದೂರದ ಓಟಕ್ಕೆ ಅವರನ್ನೇ ಕರೆದೆ. ಯಡಿಯೂರಿಗೆ. ಸಿದ್ಧಲಿಂಗೇಶ್ವರ ನಮ್ಮ ಮನೆದೇವರು. ಅಪ್ಪ ಯೆಜ್ಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು, ಕೆಲವು ಸಲ ಟ್ಯಾಂಕಿನ ಮೇಲೆ ನಾನೂ ಇರುತ್ತಿದ್ದೆ. ಬೆನ್ನು ನೋವು, ಮಂಡಿ ನೋವು ಅಂತ ಒಂದು ವಾರ ಮುಂದೂಡಿದರು. ಆಮೇಲೆ ಒಂದು ಸಂಜೆ ಅವರೇ "ನಾಳೆ ಎಷ್ಟೊತ್ತಿಗೆ?" ಅಂದರು.

ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಬೈಕು ಬಿಡುವುದಿಲ್ಲ. ಅದಕ್ಕೇ 5 ದಾಟಿದ ಮೇಲೆ ಹೊರಟೆವು. ತುಮಕೂರು ರಸ್ತೆ, ನೆಲಮಂಗಲ, ಅಲ್ಲಿ ಎಡಕ್ಕೆ ಹಾಸನದ ಹೆದ್ದಾರಿ. ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶ ಇಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಆದ್ದರಿಂದ ಇಂಥ ಬೈಕಿನವರಿಗೆ ಈ ಹಾಸನದ ರಸ್ತೆ ಒಂದು ವರ. ಬೈಕಿಗೆ ಮಿತಿ ಗಂಟೆಗೆ 80. ಅಷ್ಟರಲ್ಲಿ ಆರನೇ ಗೇರ್ ಹಾಕಿದರೆ ಎಂಜಿನ್ ಗೊಣಗುತ್ತದೆ. ಐದನೇದರಲ್ಲಿ ಬಿಟ್ಟರೆ ಸಮಾಧಾನವಾಗಿ, ಉಸಿರು ಬಿಟ್ಟ ಹಾಗೆ ಓಡುತ್ತದೆ. ಕುಣಿಗಲ್ ಹತ್ತಿರ ಬಿಸಿಲು ಏರಿತು. ಎರಡೂ ಕಡೆ ತೆಂಗಿನ ತೋಟದ ನೆರಳು ರಸ್ತೆಗೆ ಬಿದ್ದಿತ್ತು. ಅಪ್ಪ ನನ್ನ ಭುಜ ಹಿಡಿದಿದ್ದ ಕೈ ತೆಗೆದು ತೊಡೆ ಮೇಲೆ ಇಟ್ಟುಕೊಂಡಿದ್ದು ಗೊತ್ತಾಯಿತು.

ಯಡಿಯೂರಿನಲ್ಲಿ ದೇವಸ್ಥಾನದ ಮುಂದೆ ಗಾಡಿ ಪೂಜೆ ಮಾಡಿಸಿದೆವು. ಅಯ್ಯನವರು ಬೈಕಿನ ಸುತ್ತ ಒಂದು ಸುತ್ತು ಬಂದು, ಕಪ್ಪು ಟ್ಯಾಂಕಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಕರಿ ಮೈಮೇಲೆ ಬಿಳಿ ಪಟ್ಟೆ. ಇಷ್ಟು ದಿನ ಆ ಟ್ಯಾಂಕಿಗೆ ಏನೋ ಕಮ್ಮಿ ಇತ್ತು ಅಂತ ನನಗೆ ಆಗ ಅನಿಸಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು "ಮುಂದೆ ತಗೊಳ್ಳಿ" ಅಂದರು. ನಿಂತಲ್ಲಿಂದ ಮೂರು ಅಡಿ ಮುಂದೆ, ಜನರ ನಡುವೆ, ಕಾಲು ಇಡದೆ. ಅರ್ಧ ಕ್ಲಚ್, ಹಿಂದಿನ ಬ್ರೇಕ್, ಕಣ್ಣು ಗೋಪುರದ ಮೇಲೆ. ಎರಡು ಹಣ್ಣೂ ಚಟ್ ಅಂತ ಒಡೆದವು.

ವಾಪಸ್ ಬಂದಾಗ ಮಧ್ಯಾಹ್ನ ಒಂದು ಗಂಟೆ. ಅಡ್ಡರಸ್ತೆಯ ತಿರುವಿನಲ್ಲಿ ಅಪ್ಪ ಇಳಿದು ಮುಂದೆ ನಡೆದು ಹೋದರು. ಗೇಟಿನ ಎರಡೂ ಬಾಗಿಲು ತೆಗೆದು, ಒಂದು ಪಕ್ಕಕ್ಕೆ ನಿಂತು, ಕೈ ಎತ್ತಿ ಬೀದಿ ನೋಡಿದರು. ಆಟೋ ಒಂದು ಹೋಗಲಿ ಅಂತ ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾ... ಬಾ... ನಿಲ್ಲಿಸ್ಬೇಡ, ಬಾ."

ಚಪ್ಪಡಿ ದಾಟಿತು, ರ‍್ಯಾಂಪ್ ಹತ್ತಿತು. ನಾನು ಕಾಲು ಕೆಳಗಿಟ್ಟಿದ್ದು ಒಳಗೆ ಬಂದು ನಿಂತ ಮೇಲೇ. ಅಪ್ಪ ಹಿಂದೆಯೇ ಬಂದು, ಕಡಪ ಕಲ್ಲಿನ ತುಂಡನ್ನು ಕಾಲಲ್ಲಿ ಸ್ಟ್ಯಾಂಡಿನ ಕೆಳಕ್ಕೆ ಸರಿಸಿ, "ಹೂಂ, ಈಗ ಹಾಕು" ಅಂದರು.